ಬಾಳೆದಿಂಡಿನ ಕಪ್ಪು ಮತ್ತು ತಾಮ್ರದ ಲಿಗ್ಯಾಂಡು

ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಬಾಳೆದಿಂಡನ್ನು ಹೆಚ್ಚಿದ ಕೂಡಲೇ ಹುಳಿ ಮಜ್ಜಿಗೆ ಬೆರೆಸಿದ ನೀರಿಗೆ ಹಾಕುವುದು ರೂಢಿ. ಹಾಗೆ ಮಾಡದಿದ್ದರೆ ಬಿಳಿಯ ಬಿಲ್ಲೆಗಳು ಸ್ವಲ್ಪ ಹೊತ್ತಿನಲ್ಲೇ ಕಂದಾಗಿ, ಆಮೇಲೆ ಕಪ್ಪಾಗುತ್ತವೆ. ಆ ಕಪ್ಪಿಗೆ ಕಾರಣವಾದ ಕಿಣ್ವದ ಒಡಲಲ್ಲಿ ತಾಮ್ರವಿದೆಯೆಂದೂ, ಮಜ್ಜಿಗೆಯ ಹುಳಿ ಅದರ ಕೆಲಸವನ್ನು ನಿಧಾನಗೊಳಿಸುತ್ತದೆಯೆಂದೂ ನನಗೆ ತಿಳಿದದ್ದು ರಸಾಯನಶಾಸ್ತ್ರದ ಸಂಶೋಧನೆಗೆ ತೊಡಗಿದ ಮೇಲೆ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದೊಂದಿಗೆ ಬೆರೆಸಿ ಸಿಂಪಡಿಸುವ ಮೈಲುತುತ್ತಿನಲ್ಲಿರುವುದೂ ಇದೇ ತಾಮ್ರ. ತೋಟದಲ್ಲಿ ಶಿಲೀಂಧ್ರವನ್ನು ಕೊಲ್ಲುವ ಲೋಹ ಬಾಳೆಯೊಳಗೆ ಗಾಳಿಯ ಆಮ್ಲಜನಕವನ್ನು ಹಿಡಿದು ದುಡಿಸಬೇಕಾದರೆ, ಅದನ್ನು ಸುತ್ತುವರಿದು ಹಿಡಿದಿರುವ ಅಣುಗಳ, ಅಂದರೆ ಲಿಗ್ಯಾಂಡುಗಳ, ಜೋಡಣೆ ಸರಿಯಾಗಿರಬೇಕು. ನನ್ನ ಕೆಲಸವೆಲ್ಲ ಆ ಜೋಡಣೆಯ ಕುರಿತಾದದ್ದು.

ಕ್ಯಾಟೆಕಾಲ್ ಎಂಬ ಬಣ್ಣವಿಲ್ಲದ ವಸ್ತುವನ್ನು ಹಳದಿ ಕ್ವಿನೋನಾಗಿಸುವ ಈ ಬಗೆಯ ಕಿಣ್ವವಾದ ಕ್ಯಾಟೆಕಾಲ್ ಆಕ್ಸಿಡೇಸಿನ ಸ್ಫಟಿಕ ರಚನೆ 1998ರಲ್ಲಿ ಪ್ರಕಟವಾಯಿತು. ಆ ಕಿಣ್ವವನ್ನು ತೆಗೆದದ್ದು ಸಿಹಿಗೆಣಸಿನಿಂದ. ಅದರಲ್ಲಿ ಎರಡು ತಾಮ್ರದ ಪರಮಾಣುಗಳು ಅಕ್ಕಪಕ್ಕದಲ್ಲಿದ್ದು, ಒಂದೊಂದನ್ನೂ ಮೂರು ಹಿಸ್ಟಿಡಿನ್‌ಗಳು (ಪ್ರೋಟೀನನ್ನು ಕಟ್ಟುವ ಅಮಿನೊ ಆಮ್ಲಗಳಲ್ಲೊಂದು) ತಮ್ಮ ಸಾರಜನಕದಿಂದ ಹಿಡಿದಿವೆ. ಎಲೆಕ್ಟ್ರಾನ್ ಕಳೆದುಕೊಂಡ ಉತ್ಕರ್ಷಿತ ಸ್ಥಿತಿಯಲ್ಲಿ 2.9 ಆಂಗ್‌ಸ್ಟ್ರಮ್ (ಒಂದು ಆಂಗ್‌ಸ್ಟ್ರಮ್ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ಇರುವ ಅವುಗಳ ಅಂತರ ಎಲೆಕ್ಟ್ರಾನ್ ಪಡೆದ ಅಪಕರ್ಷಿತ ಸ್ಥಿತಿಯಲ್ಲಿ 4.4ಕ್ಕೆ ಹಿಗ್ಗುತ್ತದೆ. ನನ್ನ ಮಟ್ಟಿಗೆ ಇಡೀ ರಚನೆಯ ಸೊಬಗಿರುವುದು ಈ ಹಿಗ್ಗುವಿಕೆಯಲ್ಲಿ.

ಕಿಣ್ವದ ಕೆಲಸವನ್ನು ಅನುಕರಿಸಲು ಅಷ್ಟು ದೊಡ್ಡ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ಕಟ್ಟುವ ಅಗತ್ಯವಿಲ್ಲ. ಹಿಸ್ಟಿಡಿನ್ನಿನ ಬದಲಿಗೆ ಅದರಂತೆಯೇ ಸಾರಜನಕವುಳ್ಳ ಪಿರಿಡಿನ್ ಅಥವಾ ಬೆಂಜಿಮಿಡಜೋಲಿನ ತೋಳುಗಳನ್ನಿಟ್ಟು, ನಡುವೆ ಫಿನಾಲಿನ ಆಮ್ಲಜನಕವನ್ನು ಸೇತುವೆಯಾಗಿಸಿದರೆ ಎರಡು ತಾಮ್ರಗಳು ಹತ್ತಿರ ನಿಲ್ಲುತ್ತವೆ. ನಾನು ಮೊದಲು ತಯಾರಿಸಿದ ಲಿಗ್ಯಾಂಡಿನಲ್ಲಿ ಈ ಸೇತುವೆ ಇರಲಿಲ್ಲ. ಹಸಿರು ಹರಳುಗಳೇನೋ ಚೆನ್ನಾಗಿಯೇ ಬಂದವು. ಆದರೆ ತಾಮ್ರಗಳು ದೂರ ದೂರ ಉಳಿದುದರಿಂದ, ಕ್ಯಾಟೆಕಾಲ್ ಕರಗಿಸಿದ ಮೆಥನಾಲ್ ಸಂಜೆಯವರೆಗೂ ಬಣ್ಣ ಬದಲಿಸಲಿಲ್ಲ. ಸೇತುವೆಯಿದ್ದ ಎರಡನೆಯ ಸಂಕೀರ್ಣದ, ಅಂದರೆ ತಾಮ್ರ ಮತ್ತು ಲಿಗ್ಯಾಂಡು ಕೂಡಿದ ವಸ್ತುವಿನ, ಕೆಲವೇ ತೊಟ್ಟು ಬಿದ್ದಾಗ ಅದೇ ದ್ರಾವಣ ತಳದಿಂದ ತಿಳಿಹಳದಿಗೆ ತಿರುಗಿ, ನೋಡನೋಡುತ್ತಲೇ ಗಾಢವಾಯಿತು. ದ್ರಾವಣ ಬೆಳಕನ್ನು ಹೀರುವುದನ್ನು ತೋರಿಸುವ ರೋಹಿತದಲ್ಲಿ 400 ನ್ಯಾನೊಮೀಟರಿನ ಬಳಿ ಏರುತ್ತ ಹೋದ ಗೆರೆ ಕ್ವಿನೋನಿನದು. ಆ ದಿನ ನಾನು ಊಟಕ್ಕೂ ಏಳಲಿಲ್ಲ.

ತೊಡಕು ಮಾತ್ರ ಉಳಿದೇ ಇದೆ. ಕಿಣ್ವವು ಆಮ್ಲಜನಕವನ್ನು ನೀರಾಗಿಸುತ್ತದೆ. ನನ್ನ ಸಂಕೀರ್ಣವಾದರೋ, ಇಂಥ ಅನೇಕ ಮಾದರಿಗಳಂತೆ, ಹೈಡ್ರೋಜನ್ ಪೆರಾಕ್ಸೈಡಿನಲ್ಲೇ ನಿಂತುಬಿಡುತ್ತದೆ, ಮತ್ತು ಹಾಗೆ ಹುಟ್ಟಿದ ಪೆರಾಕ್ಸೈಡು ಕ್ರಮೇಣ ಲಿಗ್ಯಾಂಡನ್ನೇ ತಿನ್ನುತ್ತದೆ. ತೋಳುಗಳು ಬಿಗಿಯಾಗಿದ್ದು ತಾಮ್ರಗಳಿಗೆ ಸರಿಯಲು ಎಡೆಯಿಲ್ಲದಿರುವುದೇ ಕಾರಣವಿರಬಹುದೆಂದು ಎಣಿಸಿ, ಈಗ ಒಂದು ತೋಳನ್ನು ಒಂದು ಇಂಗಾಲದಷ್ಟು ಉದ್ದ ಮಾಡಿದ್ದೇನೆ. ಅದರ ಹರಳುಗಳು ಇನ್ನೂ ಕೂಡುತ್ತಿವೆ.