ವಾರಕ್ಕೊಂದು ಭಾಗ, ಮನೆ ತುಂಬ ವಾದ

ಇಸ್ರೇಲಿನಲ್ಲಿ ಪ್ರಪಂಚಕ್ಕೆ ಒಂದು ವಯಸ್ಸಿದೆ. 2025ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ 5786ನೇ ವರ್ಷ ಹಿಡಿಯಿತು. ಮದುವೆ ಕರಾರು, ಸಮಾಧಿ ಕಲ್ಲು, ದಿನಪತ್ರಿಕೆಯ ತಲೆಬರಹ, ಎಲ್ಲ ಕಡೆ ಈ ಲೆಕ್ಕ ಕಾಣುತ್ತದೆ. ಯೆಹೂದಿಗಳ ಧರ್ಮಗ್ರಂಥವಾದ ಹೀಬ್ರೂ ಬೈಬಲಿನಲ್ಲಿ ಯಾರಿಗೆ ಎಷ್ಟನೇ ವಯಸ್ಸಿನಲ್ಲಿ ಮಗ ಹುಟ್ಟಿದ ಅಂತ ಬರೆದಿದೆ. ಅದನ್ನು ಆಧಾರ ಮಾಡಿಕೊಂಡು ಹಿಂದಿನವರು ಸೃಷ್ಟಿಯ ವರ್ಷ ಗೊತ್ತುಮಾಡಿದರು. ನಮ್ಮ ಪಂಚಾಂಗದಲ್ಲೂ ಕಲಿ ಶುರುವಾಗಿ 5100 ವರ್ಷ ದಾಟಿದೆ. ಆದರೆ ನಮಗೆ ಕಲಿ ನಾಲ್ಕನೇ ಯುಗ. ಇವರಿಗೆ ಹೆಚ್ಚುಕಡಿಮೆ ಅಲ್ಲಿಂದಲೇ ಪ್ರಪಂಚದ ಆರಂಭ.

ಉಡುಪಿ, ಮಂಗಳೂರು ಕಡೆಯಿಂದ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಇಲ್ಲಿಗೆ ಬಂದವರು ಬಹಳ ಮಂದಿ. ನಾನೂ ಅವರಲ್ಲೊಬ್ಬಳು. ಇರುವುದು ದಕ್ಷಿಣದ ಬೇರ್ಷೆಬದಲ್ಲಿ. ನಾನು ನೋಡಿಕೊಳ್ಳುವ ಅಜ್ಜನನ್ನು ಮನೆಯವರೆಲ್ಲ ಕರೆಯುವ ಹಾಗೆ ನಾನೂ ‘ಸಬಾ’ ಎಂದೇ ಕರೆಯುತ್ತೇನೆ. ಬಾಗ್ದಾದಿನಲ್ಲಿ ಹುಟ್ಟಿ, 1951ರಲ್ಲಿ ಇರಾಕಿನ ಯೆಹೂದಿಗಳಲ್ಲಿ ಹೆಚ್ಚಿನವರು ಹೊರಟು ಬಂದಾಗ ಹುಡುಗನಾಗಿ ಬಂದವರು. ಯೆಹೂದಿಗಳ ಮೂಲಪುರುಷ ಅಬ್ರಹಾಮ ಹೊರಟ ‘ಊರ್’ ಎಂಬ ಪಟ್ಟಣ ಇರಾಕಿನಲ್ಲೇ ಇತ್ತು ಅನ್ನುತ್ತಾರಲ್ಲ, ಸಬಾಗೆ ಅದೊಂದು ಹೆಮ್ಮೆ. “ಅವನು ನಮ್ಮ ಕಡೆಯವನು. ಅವನು ನಡೆದು ಬಂದ, ನಾನು ವಿಮಾನದಲ್ಲಿ ಬಂದೆ, ಅಷ್ಟೇ” ಅನ್ನುತ್ತಾರೆ.

ಗ್ರಂಥದ ಮೊದಲ ಐದು ಪುಸ್ತಕಗಳಿಗೆ ತೋರಾ ಅನ್ನುತ್ತಾರೆ. ಅದನ್ನು ಇವರು 54 ಭಾಗ ಮಾಡಿಕೊಂಡು ವರ್ಷವಿಡೀ ವಾರವಾರ ಓದುತ್ತಾರೆ. ಸಿಮ್ಹಾತ್ ತೋರಾ ಹಬ್ಬದ ದಿನ ಕೊನೆಯ ಭಾಗ ಮುಗಿಸಿ, ಅಲ್ಲೇ ನಿಲ್ಲದೆ ಸೃಷ್ಟಿಯ ಮೊದಲ ಸಾಲಿಗೆ ಬರುತ್ತಾರೆ. ಹಾಗಾಗಿ ಅಕ್ಟೋಬರ್, ನವೆಂಬರ್ ಅಂದರೆ ಆದಾಮ, ನೋಹ, ಅಬ್ರಹಾಮ, ಇಸಾಕ, ಯಾಕೋಬರ ಕಾಲ. ಶುಕ್ರವಾರ ರಾತ್ರಿ ಊಟಕ್ಕೆ ಮಗಳು, ಅಳಿಯ, ಮೊಮ್ಮಕ್ಕಳು ಬರುತ್ತಾರೆ. ಅನ್ನ, ಬೆಂಡೆಕಾಯಿ, ಕೋಳಿಯ ಜೊತೆ ಆ ವಾರದ ಭಾಗವೂ ಮೇಜಿನ ಮೇಲೆ ಬರುತ್ತದೆ. ನಾನು ಮೊಬೈಲಿನಲ್ಲಿ ತೋರಾದ ಮೊದಲ ಪುಸ್ತಕವಾದ ಆದಿಕಾಂಡವನ್ನು ಕನ್ನಡದಲ್ಲಿ ತೆಗೆದಿಟ್ಟುಕೊಂಡು ಕೇಳುತ್ತೇನೆ.

ಭಕ್ತಿಯಿಂದ ತಲೆ ಬಾಗಿಸಿ ಕೇಳುವ ಓದು ಅಂದುಕೊಳ್ಳಬೇಡಿ. ಜಗಳ! ಪುಸ್ತಕದ ಜೊತೆಗೇ ಜಗಳ. ದೇವರ ಮಾತು ಅಂತ ನಂಬಿದವರೇ “ಇದು ಹೇಗೆ ಸರಿ?” ಅಂತ ಕೇಳುತ್ತಾರೆ. ಯಾರ ಭಾವನೆಗೂ ಧಕ್ಕೆ ಆಗುವುದಿಲ್ಲ. ಇಲ್ಲಿಗೆ ಬಂದ ಮೇಲೆ ನನಗೆ ಹೊಸದಾಗಿ ಕಂಡದ್ದು ಇದು.

ಮೊದಲ ವಾರವೇ ನೋಡಿ. ಬೆಳಕು ಹುಟ್ಟಿದ್ದು ಮೊದಲನೇ ದಿನ. ಸೂರ್ಯ ಬಂದದ್ದು ನಾಲ್ಕನೇ ದಿನ. ಹಾಗಾದರೆ ಮೊದಲ ಮೂರು ದಿನದ ಬೆಳಕು ಯಾವುದು? ಹಳೆಯ ರಬ್ಬಿಗಳ, ಅಂದರೆ ಯೆಹೂದಿ ಧರ್ಮಗುರುಗಳ, ಉತ್ತರ ಚೆನ್ನಾಗಿದೆ. ಅದು ಬೇರೆಯದೇ ಬೆಳಕು, ಕೆಟ್ಟವರ ಕೈಗೆ ಸಿಗಬಾರದು ಅಂತ ದೇವರು ಅದನ್ನು ಒಳ್ಳೆಯವರಿಗಾಗಿ ಬಚ್ಚಿಟ್ಟ ಅನ್ನುತ್ತಾರೆ. ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಮೊದಲ ಅಧ್ಯಾಯದಲ್ಲಿ ಗಿಡ, ಮೀನು, ಹಕ್ಕಿ, ಪ್ರಾಣಿ ಎಲ್ಲ ಆದ ಮೇಲೆ ಆರನೇ ದಿನ ಗಂಡು ಹೆಣ್ಣು ಒಟ್ಟಿಗೆ ಹುಟ್ಟುತ್ತಾರೆ. ಎರಡನೆಯದರಲ್ಲಿ ಮೊದಲು ಮಣ್ಣಿನಿಂದ ಗಂಡು, ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಕೊನೆಗೆ ಅವನ ಪಕ್ಕೆಯಿಂದ ಹೆಣ್ಣು. ದೇವರನ್ನು ಕರೆಯುವ ಹೆಸರೂ ಬದಲಾಗುತ್ತದೆ. 1753ರಲ್ಲಿ ಝಾಂ ಆಸ್ತ್ರುಕ್ ಎಂಬ ಫ್ರೆಂಚ್ ವೈದ್ಯ ಈ ಹೆಸರುಗಳ ಜಾಡು ಹಿಡಿದು, ಇಲ್ಲಿ ಬೇರೆ ಬೇರೆ ಮೂಲಗಳು ಸೇರಿವೆ ಅಂತ ವಾದಿಸಿದ. ಇವತ್ತಿನ ವಿದ್ವಾಂಸರಲ್ಲಿ ಹೆಚ್ಚಿನವರು ಎರಡು ಬೇರೆ ಕಥೆಗಳು ಅಂತಲೇ ಹೇಳುತ್ತಾರೆ. ಸಬಾ ಒಪ್ಪುವುದಿಲ್ಲ. ಅಳಿಯ ಒಪ್ಪುತ್ತಾನೆ. ಕೋಳಿ ತಣ್ಣಗಾಗುತ್ತದೆ.

ಅಂದಹಾಗೆ, ದೇವರು ಬೇಡ ಅಂದಿದ್ದರೂ ಆ ಮೊದಲ ಹೆಣ್ಣು ಹವ್ವ ತಿಂದದ್ದು ಸೇಬು ಅಂತ ಎಲ್ಲೂ ಬರೆದಿಲ್ಲ. ಬರೀ ಹಣ್ಣು, ಅಷ್ಟೇ. ರಬ್ಬಿಗಳ ಚರ್ಚೆಗಳ ಹಳೆಯ ಸಂಗ್ರಹವಾದ ಟಾಲ್ಮುಡ್‌ನಲ್ಲಿ ಒಬ್ಬರು ದ್ರಾಕ್ಷಿ ಅನ್ನುತ್ತಾರೆ, ಒಬ್ಬರು ಅಂಜೂರ, ಇನ್ನೊಬ್ಬರು ಗೋಧಿ! ಗೋಧಿ ಮರದಲ್ಲಿ ಬಿಡುತ್ತದಾ ಅಂತ ನಾನು ಕೇಳಿದೆ. ಸಬಾ ಖುಷಿಯಾದರು. ಪ್ರಶ್ನೆ ಕೇಳಿದರೆ ಇಲ್ಲಿ ಮರ್ಯಾದೆ ಜಾಸ್ತಿ.

ನನಗೆ ತುಂಬಾ ಇಷ್ಟವಾದದ್ದು ಐದನೇ ಅಧ್ಯಾಯ. ಸುಮ್ನೆ ನೋಡಿದರೆ ಬೇಸರ ಬರಿಸುವ ಹೆಸರಿನ ಪಟ್ಟಿ. ಆದಾಮ 930 ವರ್ಷ ಬದುಕಿದ, ಸತ್ತ. ಸೇತ 912, ಸತ್ತ. ಹನೋಕ ಒಬ್ಬ ಮಾತ್ರ 365ಕ್ಕೆ ದೇವರ ಜೊತೆ ಹೋಗಿಬಿಟ್ಟ. ಅವನ ಮಗ ಮೆತೂಷೆಲಹ 969 ವರ್ಷ ಬದುಕಿದ, ಇಡೀ ಗ್ರಂಥದಲ್ಲಿ ಅವನದೇ ಹೆಚ್ಚು. ಈಗ ಲೆಕ್ಕ ಹಾಕಿ. ಅವನಿಗೆ 187 ಆದಾಗ ಮಗ ಲೆಮೆಕ ಹುಟ್ಟಿದ. ಲೆಮೆಕನಿಗೆ 182 ಆದಾಗ ನೋಹ. ಜಲಪ್ರಳಯ ಬಂದದ್ದು ನೋಹನ 600ನೇ ವರ್ಷ. ಕೂಡಿಸಿದರೆ 969. ಅಂದರೆ ಮುದುಕ ತೀರಿಕೊಂಡದ್ದು ಪ್ರಳಯದ ವರ್ಷವೇ. ಪುಸ್ತಕ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಮುಳುಗಿ ಸತ್ತನಾ? ಇಲ್ಲ, ಅವನ ಸೂತಕದ ಏಳು ದಿನ ಮುಗಿಯಲಿ ಅಂತ ದೇವರು ಮಳೆಯನ್ನೇ ತಡೆದಿದ್ದ ಅನ್ನುತ್ತಾರೆ ರಬ್ಬಿಗಳು. ಹಳೆಯ ಗ್ರೀಕ್ ಅನುವಾದದ ಕೆಲವು ಪ್ರತಿಗಳಲ್ಲಿ ಅಂಕಿಗಳೇ ಬೇರೆ. ಆ ಲೆಕ್ಕದಲ್ಲಿ ಅವನು ಪ್ರಳಯ ಕಳೆದು ಇನ್ನೂ 14 ವರ್ಷ ಬದುಕಿರಬೇಕು. ಪ್ರಳಯದಲ್ಲಿ ಉಳಿದದ್ದು ನೋಹನ ನಾವೆಯಲ್ಲಿದ್ದವರು ಮಾತ್ರ, ಅದರೊಳಗಂತೂ ಅವನಿರಲಿಲ್ಲ! ಇದಕ್ಕೆ ಸಮಾಧಾನ ಹೇಳಲು ಹಿಂದಿನ ಕ್ರೈಸ್ತ ಪಂಡಿತರು ಪಟ್ಟ ಪಾಡು ಅಷ್ಟಿಷ್ಟಲ್ಲ.

ಇಷ್ಟು ಆಯಸ್ಸು ಕೇಳಿ ನಗಬೇಡಿ. ಈಗಿನ ಇರಾಕಿನ ದಕ್ಷಿಣದಲ್ಲಿದ್ದ ಸುಮೇರ್ ಎಂಬ ಹಳೆಯ ನಾಡಿನ ರಾಜರ ಪಟ್ಟಿಯಲ್ಲಿ ಪ್ರಳಯಕ್ಕೆ ಮೊದಲಿನ ಎಂಟು ರಾಜರು ಸೇರಿ 2,41,200 ವರ್ಷ ಆಳಿದ್ದಾರೆ. ಅದರ ಮುಂದೆ ಮೆತೂಷೆಲಹ ಎಳೆ ಹುಡುಗ. ಪ್ರಳಯದ ಕಥೆಯೂ ಅತ್ತ ಕಡೆ ಇತ್ತು. 1872ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಜಾರ್ಜ್ ಸ್ಮಿತ್ ಮಣ್ಣಿನ ಹಲಗೆಯೊಂದನ್ನು ಓದುವಾಗ ಅದರಲ್ಲೂ ದೋಣಿ, ಬೆಟ್ಟ, ಹಾರಿಬಿಟ್ಟ ಪಾರಿವಾಳ ಸಿಕ್ಕವು. ನಾನು ನಮ್ಮ ಮನು, ಮೀನಿನ ಕಥೆ ಹೇಳಿದೆ. “ನಿಮ್ಮಲ್ಲೂ ದೋಣಿಯಾ?” ಅಂದರು ಸಬಾ.

ಇವರ ಲೆಕ್ಕದಲ್ಲಿ ಅಬ್ರಹಾಮ ಹುಟ್ಟಿದ್ದು ಸೃಷ್ಟಿಯ 1948ನೇ ವರ್ಷ. ಇಸ್ರೇಲ್ ದೇಶ ಆದದ್ದೂ 1948ರಲ್ಲಿ, ಅದು ಬೇರೆ ಕ್ಯಾಲೆಂಡರ್. ಆದರೂ ಇದನ್ನು ಹೇಳಿ ಕಣ್ಣು ಮಿಟುಕಿಸದ ಮುದುಕರು ಕಡಿಮೆ. ಹುಡುಗ ಅಬ್ರಹಾಮ ಅಪ್ಪನ ಅಂಗಡಿಯ ವಿಗ್ರಹಗಳನ್ನು ಒಡೆದು, ಕೋಲನ್ನು ದೊಡ್ಡ ವಿಗ್ರಹದ ಕೈಗಿಟ್ಟ ಕಥೆ ಇಲ್ಲಿನ ಪುಟ್ಟ ಮಕ್ಕಳಿಗೂ ಬರುತ್ತದೆ. ಆದಿಕಾಂಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಆಮೇಲಿನ ರಬ್ಬಿಗಳ ಕಥೆ.

ನಮ್ಮ ಬೇರ್ಷೆಬದಲ್ಲೇ ಅಬ್ರಹಾಮ ಏಳು ಹೆಣ್ಣು ಕುರಿಮರಿ ಕೊಟ್ಟು ಬಾವಿಯ ಹಕ್ಕು ಖಚಿತ ಮಾಡಿಕೊಂಡನಂತೆ. ಊರಾಚೆಯ ತೇಲ್ ಬೇರ್ಷೆಬ ದಿಬ್ಬ 2005ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹೆಬ್ಬಾಗಿಲ ಹೊರಗೆ ಸುಮಾರು 70 ಮೀಟರ್ ಆಳದ ಬಾವಿ. ಆದರೆ ಅಲ್ಲಿ ಅಗೆದು ತೆಗೆದ ಪಟ್ಟಣ ರಾಜರ ಕಾಲದ್ದು, ಅಬ್ರಹಾಮನಿಗೆ ಹೇಳುವ ಕಾಲಕ್ಕಿಂತ ಎಷ್ಟೋ ಶತಮಾನ ಈಚಿನದು. ಒಂಟೆಗಳದ್ದೂ ಅದೇ ಕಥೆ. ಅಬ್ರಹಾಮನ ಆಳು ಹತ್ತು ಒಂಟೆ ಹೊಡೆದುಕೊಂಡು ಯಜಮಾನನ ಮಗ ಇಸಾಕನಿಗೆ ಹೆಣ್ಣು ನೋಡಲು ಹೋಗುತ್ತಾನೆ, ರೆಬೆಕ್ಕ ಅಷ್ಟಕ್ಕೂ ನೀರು ಸೇದಿ ಹಾಕುತ್ತಾಳೆ. ಟೆಲ್ ಅವೀವ್ ವಿಶ್ವವಿದ್ಯಾಲಯದವರು ಮೂಳೆಗಳನ್ನು ಪರೀಕ್ಷಿಸಿ, ಈ ಕಡೆ ಸಾಕು ಒಂಟೆ ಬಂದದ್ದು ಕ್ರಿಸ್ತಪೂರ್ವ 10ನೇ ಶತಮಾನದ ಹೊತ್ತಿಗೆ ಅಂದಿದ್ದಾರೆ. ನನ್ನ ತಲೆಬಿಸಿ ಬೇರೆ. ಬಾಯಾರಿದ ಒಂಟೆ ಒಂದೇ ಸಲಕ್ಕೆ ನೂರು ಲೀಟರ್ ಕುಡಿಯಬಲ್ಲದು. ಹತ್ತು ಒಂಟೆಗೆ ಆ ಹುಡುಗಿ ಎಷ್ಟು ಕೊಡ ಸೇದಿರಬೇಕು? ಇದನ್ನು ಯಾವ ಗಂಡಸೂ ಲೆಕ್ಕ ಹಾಕಿದಂತಿಲ್ಲ.

ಅಬ್ರಹಾಮನ ಹೆಂಡತಿ ಸಾರಾ 127ಕ್ಕೆ ಹೆಬ್ರೋನಿನಲ್ಲಿ ತೀರಿಕೊಂಡಾಗ ನಡೆಯುವ ಜಮೀನು ವ್ಯವಹಾರ ಓದಲೇಬೇಕು. ಅವಳನ್ನು ಹೂಳಲು ಮಕ್ಪೇಲದ ಗವಿ ಬೇಕು ಅಂತ ಅಬ್ರಹಾಮ ಕೇಳುತ್ತಾನೆ. ಅದರ ಒಡೆಯ, ಹಿತ್ತಿಯ ಜನಾಂಗದ ಎಫ್ರೋನ, ಊರವರ ಎದುರು, ಹೊಲವನ್ನೂ ಸೇರಿಸಿ ಸುಮ್ನೆ ಕೊಡುತ್ತೇನೆ ಅನ್ನುತ್ತಾನೆ. ಇಲ್ಲ, ಬೆಲೆ ಕೊಡುತ್ತೇನೆ ಅಂದರೆ, “ನಾನೂರು ಶೆಕೆಲ್ ಬೆಳ್ಳಿಯ ಜಾಗ, ನಿನಗೂ ನನಗೂ ನಡುವೆ ಅದೇನು ದೊಡ್ಡದು?” ಅಂತಾನೆ. “ನಿಮ್ಮ ಹತ್ರ ದುಡ್ಡು ಕೇಳೋದಾ” ಅನ್ನುತ್ತಲೇ ಬಿಲ್ಲು ಮುಂದಿಡುವ ನಮ್ಮ ಪೇಟೆಯ ಜವಳಿ ಅಂಗಡಿಯವರ ನೆನಪಾಯಿತು. ಅಬ್ರಹಾಮ ಚೌಕಾಸಿ ಮಾಡದೆ ತೂಗಿ ಕೊಡುತ್ತಾನೆ. ಹೊಲ, ಗವಿ, ಚಕ್ಕುಬಂದಿಯೊಳಗಿನ ಮರಗಳು ಎಲ್ಲ ಕ್ರಯಪತ್ರದ ಹಾಗೆ ದಾಖಲಾಗುತ್ತವೆ. ಮುಂದೆ ಪ್ರವಾದಿ ಯೆರೆಮೀಯ ಒಂದು ಹೊಲವನ್ನು 17 ಶೆಕೆಲ್‌ಗೆ ಕೊಂಡ. ಎಫ್ರೋನ ಮಾತು ಜಾಸ್ತಿ, ಕೆಲಸ ಕಡಿಮೆ ಅಂತ ಟಾಲ್ಮುಡ್ ಬೈಯುತ್ತದೆ.

ಆ ಗವಿಯ ಮೇಲಿನ ಕಟ್ಟಡ ಇವತ್ತು ಯೆಹೂದಿಗಳಿಗೂ ಮುಸ್ಲಿಮರಿಗೂ ಪವಿತ್ರ. 1994ರಲ್ಲಿ ಒಬ್ಬ ಯೆಹೂದಿ ಅಲ್ಲಿ ನಮಾಜು ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದ. ಆಮೇಲೆ ಒಳಗೆ ಇಬ್ಬರಿಗೂ ಬೇರೆ ಬೇರೆ ಭಾಗ, ಸುತ್ತ ಸೈನಿಕರು. ನಾನು ಅಲ್ಲಿಗೆ ಹೋಗಿಲ್ಲ.

ಯಾಕೋಬನ ವಾರ ಬಂದರೆ ಮನೆಯಲ್ಲಿ ದೊಡ್ಡ ಗಲಾಟೆ. ಕಣ್ಣು ಕಾಣದ ತಂದೆ ಇಸಾಕನ ಮುಂದೆ ಅಣ್ಣನ ಬಟ್ಟೆ ಹಾಕಿಕೊಂಡು, ಕೈಗೆ ಮೇಕೆ ಚರ್ಮ ಸುತ್ತಿಕೊಂಡು ಆಶೀರ್ವಾದ ಹೊಡೆದುಕೊಳ್ಳುತ್ತಾನೆ. ಹೇಳಿಕೊಟ್ಟವಳು ತಾಯಿ. ಇಸಾಕನಿಗೆ ದನಿ ಗುರುತು ಸಿಕ್ಕಿತ್ತು, ಬೇಕೆಂದೇ ಸುಮ್ಮನಿದ್ದ ಅನ್ನುವುದು ಸಬಾನ ವಾದ. “ಮೋಸಕ್ಕೆ ನೀವು ವಕೀಲರಾಗಬೇಡಿ ಅಪ್ಪ” ಅನ್ನುತ್ತಾಳೆ ಮಗಳು.

ಮರುವಾರ ಅವಳ ಕಡೆ ಗೆಲ್ಲುತ್ತದೆ. ಯಾಕೋಬ ಸೋದರಮಾವ ಲಾಬಾನನ ಮನೆಗೆ ಓಡಿಹೋಗಿ, ಮಾವನ ಕಿರಿಮಗಳು ರಾಹೇಲಳಿಗಾಗಿ ಏಳು ವರ್ಷ ದುಡಿಯುತ್ತಾನೆ. ಮದುವೆಯ ಮರುದಿನ ಬೆಳಿಗ್ಗೆ ನೋಡಿದರೆ ಪಕ್ಕದಲ್ಲಿರುವವಳು ಅಕ್ಕ ಲೇಯ. ಯಾಕೆ ಹೀಗೆ ಮಾಡಿದೆ ಅಂದರೆ ಲಾಬಾನ ಹೇಳುತ್ತಾನೆ: ದೊಡ್ಡವಳಿರುವಾಗ ಚಿಕ್ಕವಳನ್ನು ಕೊಡುವ ಪದ್ಧತಿ ನಮ್ಮೂರಲ್ಲಿಲ್ಲ. ಮೊಮ್ಮಕ್ಕಳಿಗೆ ಈ ನೆಪ ವಿಚಿತ್ರ ಅನ್ನಿಸಿತು. ನನಗೇನೂ ಅನ್ನಿಸಲಿಲ್ಲ. ನಮ್ಮಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುತ್ತಾರೆ, ದೊಡ್ಡವಳದಾಗದೆ ಚಿಕ್ಕವಳ ಜಾತಕ ಹೊರಗೆ ತೆಗೆಯುವುದಿಲ್ಲ ಅಂದೆ. ಸಬಾ ಚಮಚ ಕೆಳಗಿಟ್ಟು, “ಹಾಗಾದರೆ ನೀನೇ ಹೇಳು, ಲಾಬಾನನದು ತಪ್ಪಾ ಸರಿಯಾ?” ಅಂದರು. ಪದ್ಧತಿ ಸರಿ, ಅದನ್ನು ಏಳು ವರ್ಷ ಮೊದಲೇ ಹೇಳಬೇಕಿತ್ತು ಅಂದೆ.