ಹುಂಜದ ಜುಟ್ಟು ನೋಡದೆ ರಿಪೋರ್ಟ್ ಬರೆದಿದ್ದೆ

ಲಂಡನ್ನಲ್ಲಿ ಒಂದು ಹರಾಜು ಕಂಪನೀಲಿ ಕೆಲಸ ನಂದು, ಹಳೇ ಚೀನೀ ಪಿಂಗಾಣಿ ಬಂದಾಗ ಕಂಡೀಷನ್ ರಿಪೋರ್ಟ್ ಬರೆಯೋದು, ಅಂದ್ರೆ ಎಲ್ಲಿ ಬಿರುಕಿದೆ, ಎಲ್ಲಿ ಚಕ್ಕೆ ಎದ್ದಿದೆ, ಎಲ್ಲಿ ರಿಪೇರಿ ಆಗಿದೆ ಅಂತ. ಸೇರಿದ ಎರಡನೇ ವರ್ಷ ಒಂದು ಜೊತೆ ಪಿಂಗಾಣಿ ಹುಂಜ ಬಂತು. ಚಿಯೆನ್‌ಲಾಂಗ್ ದೊರೆ ಕಾಲದ್ದು, 1736ರಿಂದ 1795ರ ನಡುವಿನದ್ದು, ಯುರೋಪಿಗೆ ಕಳಿಸೋಕೇ ಅಂತ ಮಾಡಿದ್ದು. ಮೈಯೆಲ್ಲ ಬಿಳಿ, ಜುಟ್ಟು ಮಾತ್ರ ಕೆಂಪು.

ಊರಲ್ಲಿ ಅಮ್ಮ ಸಂತೇಲಿ ಮಡಕೆ ತಗೊಳ್ಳೋವಾಗ ಬೆರಳಲ್ಲಿ ತಟ್ಟಿ ನೋಡ್ತಾರಲ್ಲ, ನಾನೂ ಹಂಗೇ ತಟ್ಟಿದೆ, ಟಣ್ ಅಂತು, ತಳ ತಿರುಗಿಸಿ ನೋಡಿದೆ, ಮೆರುಗಿಲ್ಲದ ಅಂಚು ಸರಿಯಾಗೇ ಇತ್ತು, ಸಾಯಂಕಾಲ ಬೇರೆ ಆಗಿತ್ತು, ‘ರಿಪೇರಿ ಇಲ್ಲ’ ಅಂತ ಬರೆದು ಕಳಿಸಿಬಿಟ್ಟೆ. ತಗೊಂಡವರು ಮೂರೇ ವಾರಕ್ಕೆ ವಾಪಸ್ ತಂದ್ರು.

ನಮ್ಮ ಸೀನಿಯರ್ ಬೈಲಿಲ್ಲ. ಕತ್ತಲೆ ರೂಮಿಗೆ ಕರ್ಕೊಂಡೋಗಿ ಯುವಿ ಟಾರ್ಚ್, ಅಂದ್ರೆ ಅತಿನೇರಳೆ ಬೆಳಕು ಬಿಟ್ರು. ಇಡೀ ಹಕ್ಕಿ ಮಂಕು ನೇರಳೆ, ಒಂದರ ಜುಟ್ಟಿನ ಮೇಲರ್ಧ ಮಾತ್ರ ಮಜ್ಜಿಗೆ ಚೆಲ್ಲಿದಂಗೆ ಬೆಳ್ಳಗೆ ಹೊಳೀತಿತ್ತು. ಆಮೇಲೆ ಗುಂಡುಸೂಜಿ ಕೊಟ್ಟು ಮೆಲ್ಲಗೆ ಆಡಿಸು ಅಂದ್ರು. ಬಿಳಿ ಮೈ ಮೇಲೆ ಗಾಜಿನ ಮೇಲೆ ಜಾರಿದಂಗೆ ಜಾರ್ತು, ಜುಟ್ಟಿನ ಮೇಲೆ ಬಂದಾಗ ಮೆತ್ತಗೆ ಕಚ್ಕೊಳ್ತು. ಅಂಟು, ಮೇಲೆ ಬಣ್ಣ. ತಟ್ಟಿದ್ರೆ ಮೈಯಲ್ಲಿರೋ ಬಿರುಕು ಗೊತ್ತಾಗಬಹುದು, ತುದೀಲಿ ಅಂಟಿಸಿದ್ದು ಹೆಂಗೆ ಗೊತ್ತಾಗುತ್ತೆ?

ಪ್ರಾಣಿ ಬೊಂಬೇಲಿ ಮೊದಲು ಮುರಿಯೋದು ಆಚೆ ಚಾಚ್ಕೊಂಡಿರೋದೇ, ನಾಯಿ ಕಿವಿ, ಕೊಕ್ಕರೆ ಕೊಕ್ಕು, ಕುದುರೆ ಕಾಲು. ಅದರಲ್ಲೂ ಹುಂಜಕ್ಕೆ ಜುಟ್ಟೇ ಎಲ್ಲಾ. ಚೀನೀ ಭಾಷೇಲಿ ಜುಟ್ಟಿಗೂ ‘ಗ್ವಾನ್’, ಸರ್ಕಾರಿ ಅಧಿಕಾರಿಗೂ ‘ಗ್ವಾನ್’, ಹಾಗಾಗಿ ಹುಂಜ ಇಟ್ಕೊಂಡ್ರೆ ಮಗ ದೊಡ್ಡ ಹುದ್ದೆಗೇರಲಿ ಅಂತ ಹಾರೈಸಿದಂಗೆ. ಬಾವಲಿಗೂ ಭಾಗ್ಯಕ್ಕೂ ಒಂದೇ ಉಚ್ಚಾರಣೆ, ‘ಫೂ’. ನಮ್ಮಲ್ಲಿ ಬಾವಲಿ ಮನೆಗೆ ನುಗ್ಗಿದ್ರೆ ಅಪಶಕುನ ಅಂತೀವಿ, ಅಲ್ಲಿ ಐದು ಬಾವಲಿ ಬರೆದ ತಟ್ಟೆ ಉಡುಗೊರೆ ಕೊಡ್ತಾರೆ! ಹದಿನೈದನೇ ಶತಮಾನದ ಒಂದು ಪುಟ್ಟ ಕೋಳಿ ಚಿತ್ರದ ಬಟ್ಟಲು 2014ರಲ್ಲಿ ಹಾಂಗ್‌ಕಾಂಗ್ ಹರಾಜಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋಯ್ತು, ತಗೊಂಡವರು ಅದರಲ್ಲಿ ಟೀ ಕುಡಿದ್ರು. ನಮ್ಮಂಥೋರು ಗ್ಲೌಸ್ ಹಾಕ್ಕೊಳ್ಳೋದೋ ಬೇಡ್ವೋ ಅಂತ ಜಗಳ ಆಡ್ತೀವಿ.

ಆ ಹುಂಜದ ಜೋಡಿ ಮುಂದಿನ ಸೀಸನ್ನಿಗೆ ಮತ್ತೆ ಹರಾಜಿಗೆ ಬಂತು, ‘ಒಂದರ ಜುಟ್ಟು ರಿಪೇರಿ ಆಗಿದೆ’ ಅಂತ ನಾನೇ ಟೈಪ್ ಮಾಡ್ದೆ. ಮೊದಲಿನ ಬೆಲೆಯ ಅರ್ಧವೂ ಬರಲಿಲ್ಲ.