ಪೆನ್ಷನ್ ಬರುತ್ತಾ ಅಂತ ಕೇಳುವವರಿಗೆ

ಇಲ್ಲ, ಬರಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಸ್ವಾತಂತ್ರ್ಯ ಹೋರಾಟಗಾರರ ಪೆನ್ಷನ್ ಬರಲ್ಲ. ಹಿಂದೆಯೂ ಬಂದಿಲ್ಲ. ನಮ್ಮ ಕಡೆಯವರು ಯಾರೂ ಜೈಲಿಗೆ ಹೋದವರಲ್ಲ. ಗೋಡೆಯ ಮೇಲೆ ತಾಮ್ರಪತ್ರ ಇಲ್ಲ. ಯಾವ ಪಕ್ಷದಲ್ಲೂ ನಾವಿಲ್ಲ, ಚುನಾವಣೆಗೆ ನಿಲ್ಲುವ ಯೋಚನೆಯೂ ಇಲ್ಲ.

ಇಷ್ಟನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಯಾಕೆಂದರೆ "ಮಕ್ಕಳನ್ನ ಪದೇ ಪದೇ ಶಿವಪುರಕ್ಕೆ ಯಾಕೆ ಕರ್ಕೊಂಡು ಹೋಗ್ತೀರಿ?" ಅಂತ ಕೇಳಿದವರ ಎರಡನೇ ಪ್ರಶ್ನೆ ಯಾವಾಗಲೂ ಇದೇ. ಮಂಡ್ಯದಲ್ಲಿ ನೆಂಟರು, ಅಕ್ಕಪಕ್ಕದವರು, ಮಕ್ಕಳ ಟೀಚರುಗಳು, ತರಕಾರಿ ಅಂಗಡಿಯಲ್ಲಿ ಸಿಗುವವರು, ಎಲ್ಲರಿಗೂ ನಿಂತು ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಶಿವಪುರ ಇರುವುದು ಮದ್ದೂರಿನಲ್ಲಿ, ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ. ಮಂಡ್ಯದಿಂದ ಸುಮಾರು 20 ಕಿಲೋಮೀಟರ್. ಅಲ್ಲಿ 1938ರ ಧ್ವಜ ಸತ್ಯಾಗ್ರಹದ ನೆನಪಿಗೆ ಕಟ್ಟಿದ ಸತ್ಯಾಗ್ರಹ ಸೌಧ ಇದೆ. ಮೊದಲು ಬಸ್ಸಿನಲ್ಲಿ ಹೋಗುವವರಿಗೆ ಕಿಟಕಿಯಿಂದಾದರೂ ಕಾಣುತ್ತಿತ್ತು. 2023ರಲ್ಲಿ ಹೊಸ ಹೆದ್ದಾರಿ ಶುರುವಾದ ಮೇಲೆ ಬೆಂಗಳೂರಿಗೆ ಹೋಗುವವರು ಮದ್ದೂರಿನ ಒಳಗೇ ಬರುವುದಿಲ್ಲ. ವಡೆಗೂ ಇಳಿಯಲ್ಲ, ಸೌಧಕ್ಕೂ ಇಳಿಯಲ್ಲ. ನಾವು ಇಳಿಯುತ್ತೇವೆ. ಮಗಳನ್ನು ಮೊದಲ ಸಲ ಶಾಲೆಗೆ ಸೇರಿಸಿದಾಗ ಹೋಗಿದ್ದೆವು. ಮಗ ಒಂದನೇ ಕ್ಲಾಸಿಗೆ ಸೇರಿದಾಗ ಹೋದೆವು. ಮಗಳು ಎಸ್ಸೆಸ್ಸೆಲ್ಸಿ ಪಾಸಾದಾಗ, ಆಮೇಲೆ ಈ ವರ್ಷ ಮೈಸೂರಿನ ಹಾಸ್ಟೆಲ್ಲಿಗೆ ಹೊರಡುವ ಹಿಂದಿನ ದಿನ. ಬಾಗಿಲು ತೆಗೆದಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ ಅರ್ಧ ಗಂಟೆ ಕೂರುತ್ತೇವೆ. ಬುತ್ತಿ ಬಿಚ್ಚಿ ತಿನ್ನುತ್ತೇವೆ. ಒಂದು ಫೋಟೋ ತೆಗೆಯುತ್ತೇವೆ. ಅಷ್ಟೇ.

ದೇವಸ್ಥಾನಕ್ಕೂ ಹೋಗುತ್ತೇವೆ. ಮದ್ದೂರಿನ ಉಗ್ರನರಸಿಂಹಸ್ವಾಮಿಗೆ ಕೈ ಮುಗಿಯದೆ ನಾನು ಯಾವತ್ತೂ ಬಂದಿಲ್ಲ. ಅದನ್ನು ಯಾರೂ ಕೇಳಲ್ಲ.

ಕೇಳುವ ರೀತಿಗೆ ನನಗೆ ಸಿಟ್ಟು ಬಂದದ್ದು ಒಂದು ಗೃಹಪ್ರವೇಶದಲ್ಲಿ. ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ವಾರ ಆಗಿತ್ತು. ಊಟಕ್ಕೆ ಕೂತಿದ್ದೆವು. ನಮ್ಮ ಯಜಮಾನರ ಕಡೆಯ ಒಬ್ಬ ದೊಡ್ಡಮ್ಮ ಎದುರು ಸಾಲಿನಿಂದಲೇ ಕೇಳಿದರು. "ಏನವ್ವ, ಮಗು ಪಾಸಾದ್ರೆ ಬೆಟ್ಟಕ್ಕೆ ಕರ್ಕೊಂಡೋಗೋದು ಬಿಟ್ಟು ರೋಡ್ ಪಕ್ಕದ ಕಟ್ಟಡ ತೋರಿಸ್ಕೊಂಡು ಬಂದ್ಯಂತೆ? ನಿಮ್ ತಾತಂಗೆ ಪೆನ್ಷನ್ ಗಿನ್ಷನ್ ಬತ್ತಿತ್ತಾ?" ಪಕ್ಕದಲ್ಲಿದ್ದವರು ನಕ್ಕರು. ಇನ್ನೊಬ್ಬರು, "ಸಿಇಟಿಗೆ ಕೇಳ್ತಾರೇನೋ ಬಿಡಿ" ಅಂದರು. ನನ್ನ ಮಗಳು ಎಲೆ ನೋಡುತ್ತಾ ಕೂತಳು. ಹಿಂದಿನ ದಿನ ತಾನು ಅಲ್ಲಿ ನೋಡಿದ್ದನ್ನು ಎಲ್ಲರಿಗೂ ಹೇಳಬೇಕು ಅಂತ ಇದ್ದ ಹುಡುಗಿ ಅವಳು. ಆಮೇಲೆ ಒಂದು ಮಾತೂ ಆಡಲಿಲ್ಲ.

ದೊಡ್ಡಮ್ಮ ಕೆಟ್ಟವರಲ್ಲ. ನನ್ನ ಬಾಣಂತನದಲ್ಲಿ ಹದಿನೈದು ದಿನ ಬಂದು ನೀರು ಹಾಕಿದವರು. ಆದರೂ ಆ ಮಾತು ನನಗೆ ಇವತ್ತಿಗೂ ನುಂಗಲು ಆಗಿಲ್ಲ. ಒಂದು ಜಾಗವನ್ನು ಪ್ರೀತಿಸಬೇಕಾದರೆ ಅಲ್ಲಿಂದ ತಿಂಗಳು ತಿಂಗಳು ದುಡ್ಡು ಬರಬೇಕಾ? ತಾತ ಜೈಲಿಗೆ ಹೋಗಿರಲೇಬೇಕಾ? ಹಾಗಾದರೆ ಈ ಜಿಲ್ಲೆಯಲ್ಲಿ ಎಷ್ಟು ಮನೆಗೆ ಶಿವಪುರದ ಹಕ್ಕು ಇರುತ್ತೆ?

ನಮ್ಮ ಮನೆಗೂ ಶಿವಪುರಕ್ಕೂ ಇರುವ ನಂಟು ಇಷ್ಟು. ನನ್ನ ತಾಯಿಯ ತಾಯಿ ಮದ್ದೂರಿನ ಹತ್ತಿರದ ಒಂದು ಹಳ್ಳಿಯವಳು. 1938ರ ಏಪ್ರಿಲ್‌ನಲ್ಲಿ ಅವಳಿಗೆ ಹತ್ತು ವರ್ಷ. ಊರಿನವರು ಗಾಡಿ ಕಟ್ಟಿಕೊಂಡು ಹೊರಟಾಗ ಅವಳಪ್ಪ ಅವಳನ್ನೂ ಹತ್ತಿಸಿಕೊಂಡರು. ಜಾತ್ರೆ ಅಂದುಕೊಂಡಿದ್ದಳಂತೆ. ಅಲ್ಲಿ ಸಾವಿರಾರು ಜನ. ಅಜ್ಜಿಯ ನೆನಪಲ್ಲಿ ಇದ್ದದ್ದು ಬಾವುಟಕ್ಕಿಂತ ಜಾಸ್ತಿ ಧೂಳು, ಬಿಸಿಲು, ಬಾಯಾರಿಕೆ. ಯಾರೋ ಒಬ್ಬ ಹೆಂಗಸು ಚೊಂಬಿನಲ್ಲಿ ನೀರು ತಂದು ಕೊಟ್ಟಳಂತೆ. ಯಾವೂರು, ಯಾವ ಜನ, ಏನೂ ಗೊತ್ತಿಲ್ಲ. ಅಜ್ಜಿ ಅಪ್ಪನ ಮುಖ ನೋಡಿದಳು. "ಕುಡಿ" ಅಂದರು ಅಪ್ಪ. "ನಮ್ಮಪ್ಪ ಹಂಗಂದಿದ್ದು ಅವತ್ತೇ ಮೊದ್ಲು ಕಣವ್ವ" ಅನ್ನುತ್ತಿದ್ದಳು ಅಜ್ಜಿ. ಯಾರ ಕೈ ನೀರು ಅಂತ ಕೇಳದೆ ಕುಡಿದದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ಅವಳು ಹೇಳುತ್ತಿದ್ದ ಇನ್ನೊಂದು ಮಾತು: "ಒಬ್ರನ್ನ ಹಿಡ್ಕೊಂಡೋದ್ರೆ ಇನ್ನೊಬ್ರು ಎದ್ ಬರೋರು. ಅವ್ರನ್ನ ಹಿಡ್ಕೊಂಡೋದ್ರೆ ಮತ್ತೊಬ್ರು."

ಅಲ್ಲಿ ನಡೆದದ್ದು ಏನು ಅಂತ ನನಗೆ ಸರಿಯಾಗಿ ತಿಳಿದದ್ದು ದೊಡ್ಡವಳಾದ ಮೇಲೆ. ಅದು ಮೈಸೂರು ಸಂಸ್ಥಾನದ ಕಾಂಗ್ರೆಸ್ಸಿನ ಮೊದಲ ಅಧಿವೇಶನ. ಬಾವುಟ ಹಾರಿಸಬಾರದು ಅಂತ ಸರ್ಕಾರದ ಆಜ್ಞೆ ಇತ್ತು. ಅಧ್ಯಕ್ಷರಾಗಿದ್ದ ಟಿ. ಸಿದ್ಧಲಿಂಗಯ್ಯನವರು ಹಾರಿಸಿದರು, ಅವರನ್ನು ಬಂಧಿಸಿದರು. ಆಮೇಲೆ ಅಜ್ಜಿ ಹೇಳಿದ ಹಾಗೆಯೇ, ಒಬ್ಬರಾದ ಮೇಲೆ ಒಬ್ಬರು. ಆ ಬಾವುಟದ ನಡುವೆ ಈಗಿನ ಚಕ್ರ ಇರಲಿಲ್ಲ, ಚರಕ ಇತ್ತು. ಆಗ ಮಂಡ್ಯ ಅನ್ನುವ ಜಿಲ್ಲೆಯೂ ಇರಲಿಲ್ಲ. ಅದು ಆದದ್ದು ಮರುವರ್ಷ, 1939ರಲ್ಲಿ. ನಮ್ಮ ಜಿಲ್ಲೆಗಿಂತ ಶಿವಪುರದ ಕತೆ ಒಂದು ವರ್ಷ ದೊಡ್ಡದು.

ನಾನು ಹತ್ತನೇ ಕ್ಲಾಸು ಪಾಸಾದಾಗ ಅಜ್ಜಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಅವಳಿಗೆ ಓದು ಬರಹ ಇರಲಿಲ್ಲ. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದ ಮೊದಲ ಹೆಣ್ಣು ನಾನು. ಸೌಧದ ಮುಂದೆ ಕೂತು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನಿಸಿದಳು. "ಇಲ್ಲೇ ನಾನು ನೀರು ಕುಡ್ದಿದ್ದು" ಅಂದಳು. ಬೇರೆ ಏನೂ ಉಪದೇಶ ಮಾಡಲಿಲ್ಲ. ನಾನು ಮಕ್ಕಳನ್ನು ಕರೆದುಕೊಂಡು ಹೋಗುವುದಕ್ಕೆ ಕಾರಣ ಅದು. ದೊಡ್ಡಮ್ಮ, ಕಾರಣ ಅದೊಂದೇ.

ಆಗಸ್ಟ್ 15ರ ಬಗ್ಗೆಯೂ ಕೇಳುತ್ತಾರೆ. "ರಜಾ ದಿನ ಮಕ್ಕಳನ್ನ ಮಲಗಕ್ಕೂ ಬಿಡಲ್ವಾ?" ಬಿಡಲ್ಲ. ನಮ್ಮ ಬೀದಿಯಲ್ಲಿ ಬೆಳಗ್ಗೆ ಏಳಕ್ಕೆ ಬಾವುಟ ಏರುತ್ತೆ. ಖಾದಿಯದು, ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾದದ್ದು. 2021ರ ಕೊನೆಯಲ್ಲಿ ನಿಯಮ ಬದಲಾಗಿ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ನಮ್ಮ ಬೀದಿಯವರು ಖಾದಿ ಬಿಟ್ಟಿಲ್ಲ. ಆಗಸ್ಟ್‌ನಲ್ಲಿ ಬಾವುಟವನ್ನು ಕೆಳಗಿನಿಂದ ಮೇಲಕ್ಕೆ ಏರಿಸಬೇಕು, ಜನವರಿ 26ಕ್ಕೆ ಮೇಲೆ ಕಟ್ಟಿಟ್ಟದ್ದನ್ನು ಬಿಚ್ಚಿ ಅರಳಿಸಬೇಕು. ಈ ವ್ಯತ್ಯಾಸವನ್ನು ನನ್ನ ಮಗ ಸಿಕ್ಕಿದವರಿಗೆಲ್ಲ ಹೇಳುತ್ತಾನೆ. ಹಾಲಿನವರನ್ನೂ ಬಿಡಲ್ಲ.

ನಮ್ಮ ಬೀದಿಯ ಪದ್ಧತಿ ಏನೆಂದರೆ, ಹಗ್ಗ ಎಳೆಯಲು ಗಣ್ಯರನ್ನು ಕರೆಯುವುದಿಲ್ಲ. ಆ ವರ್ಷ ಯಾರ ಮನೆಯಲ್ಲಿ ದೊಡ್ಡ ಸಂಗತಿ ನಡೆದಿದೆಯೋ ಅವರು ಎಳೆಯುತ್ತಾರೆ. ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದ ಮೇಡಂ ಒಂದು ವರ್ಷ ಎಳೆದರು. ಪಿಯುಸಿಯಲ್ಲಿ ಫೇಲಾಗಿ, ಸಪ್ಲಿಮೆಂಟರಿಯಲ್ಲಿ ಪಾಸಾದ ಹುಡುಗ ಒಂದು ವರ್ಷ. ಹತ್ತು ವರ್ಷದ ನಂತರ ಮಗು ಹುಟ್ಟಿದ ದಂಪತಿ, ಮಗುವನ್ನು ಎತ್ತಿಕೊಂಡೇ. ನಮ್ಮ ಬೀದಿ ಗುಡಿಸುವ ಅಕ್ಕ, ಅವರ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕ ವರ್ಷ.

ಒಂದು ವರ್ಷ ಮೂಲೆಮನೆಯ ಆಂಟಿಯನ್ನು ಕರೆದೆವು. ಅವರ ಯಜಮಾನರು ಮಾರ್ಚ್‌ನಲ್ಲಿ ತೀರಿಕೊಂಡಿದ್ದರು. ಅವರು ಬರಲ್ಲ ಅಂದರು. ಇಂಥ ಸಮಯದಲ್ಲಿ ಮುಂದೆ ನಿಲ್ಲುವುದು ಸರಿಯಲ್ಲ ಅಂತ ಬೀದಿಯಲ್ಲೂ ಇಬ್ಬರು ಮೆಲ್ಲಗೆ ಅಂದರು. ಶುಭ ಕಾರ್ಯ ಅಲ್ವಾ ಅಂದರು. ನಾನು, ಇನ್ನಿಬ್ಬರು ಹೆಂಗಸರು ಹಿಂದಿನ ರಾತ್ರಿ ಅವರ ಮನೆಗೆ ಹೋಗಿ ಕೂತೆವು. ಜಾಸ್ತಿ ಮಾತಾಡಲಿಲ್ಲ. ಬೆಳಗ್ಗೆ ಅವರು ಬಂದರು. ಹೂವು ಮುಡಿದಿರಲಿಲ್ಲ. ಬಾವುಟ ಮೇಲಕ್ಕೆ ಹೋಗುವಾಗ ಹಗ್ಗ ಒಂದು ಕ್ಷಣ ಸಿಕ್ಕಿಕೊಂಡಿತು. ಸಹಾಯಕ್ಕೆ ಯಾರೋ ಕೈ ಚಾಚಿದರು. ಆಂಟಿ ಬಿಡಲಿಲ್ಲ, ತಾವೇ ಜಗ್ಗಿ ಬಿಡಿಸಿ ಏರಿಸಿದರು. ರಾಷ್ಟ್ರಗೀತೆ ಹಾಡುವಾಗ ನನಗೆ ಗಂಟಲು ಕಟ್ಟಿತು. ಹಿಂದಿನ ದಿನ ಬೇಡ ಅಂದಿದ್ದ ಇಬ್ಬರೂ ಆಮೇಲೆ ಅವರ ಕೈಯಿಂದಲೇ ಲಾಡು ತಗೊಂಡರು.

ಮಾರನೇ ದಿನ, ಆಗಸ್ಟ್ 16, ನನಗೆ ಇನ್ನೂ ಮುಖ್ಯ. ಮಕ್ಕಳ ಜೊತೆ ಚೀಲ ಹಿಡಿದು ಹೋಗಿ ಮೋರಿ ಪಕ್ಕ, ಬಸ್ ಸ್ಟಾಪಿನಲ್ಲಿ ಬಿದ್ದ ಬಾವುಟಗಳನ್ನು ಆರಿಸುತ್ತೇವೆ. ಕಾಗದದ ಬಾವುಟವನ್ನು ನೆಲಕ್ಕೆ ಬಿಸಾಡಬಾರದು ಅಂತ ಧ್ವಜ ಸಂಹಿತೆಯಲ್ಲೇ ಇದೆ. ಪ್ಲಾಸ್ಟಿಕ್ಕಿನದನ್ನು ಮಾರಲೇಬಾರದು. ಆದರೂ ಪ್ರತಿ ವರ್ಷ ಚೀಲದಲ್ಲಿ ಅದೇ ಜಾಸ್ತಿ. ಹಿಂದಿನ ದಿನ ಎದೆಗೆ ಚುಚ್ಚಿಕೊಂಡವರ ಮೇಲೆ ನನಗೆ ಬರುವ ಕೋಪ ಇಲ್ಲಿ ಬರೆಯುವಂಥದ್ದಲ್ಲ.

ಇರಲಿ. ಯಾರೂ ಕೇಳದ ಒಂದು ಪ್ರಶ್ನೆ ಇದೆ. ಅದನ್ನು ಕೇಳಿದವಳು ನನ್ನ ಮಗಳು. ಆಗ ಅವಳು ಆರನೇ ಕ್ಲಾಸು.

ನಮ್ಮ ಅತ್ತೆ ಮನೆಯ ದೇವರ ಕೋಣೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಫೋಟೋ ಇದೆ. ಮಂಡ್ಯದ ಕಡೆ ಇದು ಹೊಸದೇನಲ್ಲ. ಕನ್ನಂಬಾಡಿ ಕಟ್ಟೆ ಕಟ್ಟಿಸಿ, ನಾಲೆ ತೋಡಿಸಿ ನೀರು ಕೊಟ್ಟವರು ಅವರು. ಮಗಳು ದಿನಾ ಆ ಫೋಟೋಗೂ ಹೂವಿಡುತ್ತಿದ್ದಳು. ಒಂದು ದಿನ ಕೇಳಿದಳು: "ಅಮ್ಮಾ, ಶಿವಪುರದಲ್ಲಿ ಬಾವುಟ ಬೇಡ ಅಂದಿದ್ದು ಬ್ರಿಟಿಷರಾ?"

ಅಲ್ಲ, ಮೈಸೂರು ಸರ್ಕಾರ ಅಂದೆ.

"ಅಂದ್ರೆ ನಾಲ್ವಡಿಯವರ ಸರ್ಕಾರಾನಾ? ಅವರು ಒಳ್ಳೆಯವರಲ್ವಾ? ಮತ್ತೆ ನಿನ್ನ ಅಜ್ಜಿಯ ಅಪ್ಪ ಯಾರ ವಿರುದ್ಧ ಹೋಗಿದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ವಾರ ಯೋಚಿಸಿದೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲ ಅದು ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಅದೇ ಏಪ್ರಿಲ್ 25ರಂದು ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು. ಅದನ್ನು ಮುಚ್ಚಿಟ್ಟು ಮಗುವಿಗೆ ಕತೆ ಹೇಳಲು ಆಗುತ್ತಾ?

ಆಗ ಅಜ್ಜಿಯ ಮನೆ ನೆನಪಾಯಿತು. ಅವಳ ನಡುಮನೆಯಲ್ಲಿ ಎರಡು ಫೋಟೋ ಅಕ್ಕಪಕ್ಕ ಇದ್ದವು. ಒಂದು ಗಾಂಧೀಜಿ, ಇನ್ನೊಂದು ನಾಲ್ವಡಿ. ಚಿಕ್ಕವಳಿದ್ದಾಗ ನಾನೂ ಸುಮ್ನೆ ಕೇಳಿದ್ದೆ, ಎರಡೂ ಯಾಕೆ ಅಂತ. "ನೀರು ಕೊಟ್ಟೋರ್ನ ಮರೆಯಕ್ಕಾಯ್ತದಾ? ಹಂಗಂತ ನಮ್ಮ ಮನೆ ಲೆಕ್ಕ ನಾವು ನೋಡ್ಕೋಬಾರ್ದಾ?" ಅಂದಿದ್ದಳು. ಮಗಳಿಗೆ ಅದನ್ನೇ ಹೇಳಿದೆ. ಆಮೇಲೆ ಇಬ್ಬರೂ ಕೂತು ಓದಿದೆವು. 1938ರ ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಮೈಸೂರು ಸರ್ಕಾರದ ಜೊತೆ ಮಾತಾಡಿ ಒಪ್ಪಂದ ಆಯಿತು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ಸಿನ ಬಾವುಟವನ್ನೂ ಹಾರಿಸಬಹುದು ಅಂತ. "ಅಜ್ಜಿ ಗೋಡೆ ಥರಾನೇ" ಅಂದಳು ಮಗಳು. ಅತ್ತೆ ಮನೆಯ ಫೋಟೋಗೆ ಹೂವಿಡುವುದನ್ನು ಅವಳು ಬಿಡಲಿಲ್ಲ.

ಇಂಥ ಪ್ರಶ್ನೆ ಕೇಳಿ. ರಾತ್ರಿಯೆಲ್ಲ ಕೂತು ಮಾತಾಡೋಣ, ಕಾಫಿ ನಾನು ಮಾಡುತ್ತೇನೆ.

ಹೋದ ತಿಂಗಳು ಮಗಳು ಮೈಸೂರಿನಿಂದ ಫೋನ್ ಮಾಡಿದ್ದಳು. ಬಸ್ಸಿನಲ್ಲಿ ರಾಮಸ್ವಾಮಿ ಸರ್ಕಲ್ ದಾಟುವಾಗ ಗೆಳತಿಗೆ ಆ ಹೆಸರು ಯಾಕೆ ಬಂತು ಅಂತ ಹೇಳಿದಳಂತೆ. 1947ರ ಸೆಪ್ಟೆಂಬರ್‌ನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ, ಮೈಸೂರಿನಲ್ಲಿ ಜನರ ಸರ್ಕಾರ ಬೇಕು ಅಂತ ನಡೆದ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ಹುಡುಗ ರಾಮಸ್ವಾಮಿ. ವಿದ್ಯಾರ್ಥಿ. "ನಮಗಿಂತ ಚಿಕ್ಕವನಾ?" ಅಂತ ಗೆಳತಿ ಕೇಳಿದಳಂತೆ. ಇಬ್ಬರೂ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ವಾಪಸ್ ಬಂದು ನೋಡಿದರಂತೆ.

ಮಗ ಬರುವ ಜೂನ್‌ಗೆ ಎಂಟನೇ ಕ್ಲಾಸು, ಹೈಸ್ಕೂಲು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದ ಮೇಲೆ ಶಿವಪುರಕ್ಕೆ ಹೋಗುತ್ತೇವೆ. ದೊಡ್ಡಮ್ಮನಿಗೂ ಹೇಳಿದ್ದೇನೆ. "ಬಿಸಿಲಲ್ಲಿ ಯಾರವ್ವ ಬತ್ತಾರೆ" ಅಂದರು. ಆಮೇಲೆ, ಯಾವ ದಿನ ಅಂತ ಕೇಳಿದರು. ಬನ್ನಿ ದೊಡ್ಡಮ್ಮ, ಕಾರಿನಲ್ಲಿ ಜಾಗ ಇದೆ. ರೊಟ್ಟಿ ಚಟ್ನಿ ನಾನು ತರುತ್ತೇನೆ. ನೀವು ಒಂದು ಚೊಂಬು ನೀರು ತನ್ನಿ, ನನ್ನ ಮಗನಿಗೆ ನಿಮ್ಮ ಕೈಯಾರೆ ಕೊಡಿ.